ಗರ್ಭಕೋಶ ಜಾರಿದ್ದಕ್ಕೆ ಶಸ್ತ್ರಚಿಕಿತ್ಸೆ: ಮತ್ತೆ ಗದ್ದೆಗೆ ಇಳಿಯುವುದು ಯಾವಾಗ, ಹೇಗೆ?

ಬತ್ತದ ಬೇಸಾಯದಲ್ಲಿ ನಾಟಿ, ಕಳೆ ಕೀಳುವುದು, ಕೊಯ್ಲು, ಇವು ಬಹುಪಾಲು ಹೆಂಗಸರ ಕೈಯಲ್ಲೇ ನಡೆಯುವ ಕೆಲಸಗಳು. ಇವುಗಳ ಜೊತೆಗೆ ನೀರು ಹೊರುವುದು, ಹುಲ್ಲು ಹೊರುವುದು, ತಿಪ್ಪೆಗೆ ಸಗಣಿ ಸಾಗಿಸುವುದು ದಿನನಿತ್ಯವೂ ಇದ್ದದ್ದೇ. ಇಷ್ಟು ಭಾರ ಹೊರುವ ದೇಹಕ್ಕೆ ತೊಂದರೆ ಬಂದಾಗ ಅದನ್ನು ಕುರಿತು ಮಾತನಾಡಲು ಮಾತ್ರ ಸಂಕೋಚ. ಪೈರಿಗೆ ರೋಗ ಬಂದರೆ ಎಲೆ ಕಿತ್ತು ತಂದು ತೋರಿಸುವ ರೈತ ಮಹಿಳೆಯರು ತಮ್ಮ ಮೈಯ ತೊಂದರೆಯನ್ನು ವರ್ಷಗಟ್ಟಲೆ ಮುಚ್ಚಿಡುತ್ತಾರೆ.

ಕೆಲವು ವರ್ಷಗಳ ಹಿಂದೆ ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಹಳ್ಳಿಯೊಂದಕ್ಕೆ ಡ್ರಮ್ ಸೀಡರ್ ಪ್ರಾತ್ಯಕ್ಷಿಕೆಗಾಗಿ ಹೋಗಿದ್ದೆ. ಸಭೆ ಮುಗಿದ ಮೇಲೆ ಸುಮಾರು ನಲವತ್ತೈದು ವಯಸ್ಸಿನ ಒಬ್ಬ ಹೆಂಗಸು ನನ್ನನ್ನು ಬದಿಗೆ ಕರೆದು, "ಮೇಡಮ್ಮೋರೆ, ಈ ಡ್ರಮ್ಮಲ್ಲಿ ಬಿತ್ತಿದ್ರೆ ನಾಟಿಗೆ ಬಗ್ಗೋ ಹಂಗಿಲ್ವಲ್ಲ?" ಎಂದು ಕೇಳಿದರು. ಕೇಳಿದ ಕಾರಣ ನಿಧಾನವಾಗಿ ಹೊರಬಂತು. ಗರ್ಭಕೋಶ ಜಾರಿದ್ದಕ್ಕೆ ಹಿಂದಿನ ವರ್ಷ ಜೂನ್ ತಿಂಗಳಿನಲ್ಲಿ ಅವರಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ತಿಂಗಳು ಕಳೆಯುವಷ್ಟರಲ್ಲಿ ನಾಟಿ ಬಂತು. ಅಕ್ಕಪಕ್ಕದವರಿಗೆ ಮುಯ್ಯಾಳು ತೀರಿಸಬೇಕಿತ್ತು, ಗದ್ದೆಗೆ ಇಳಿದರು. ದೀಪಾವಳಿಯ ಹೊತ್ತಿಗೆ ಮತ್ತೆ ಏನೋ ಕೆಳಕ್ಕೆ ಬಂದಂತಾಯಿತು. "ಡಾಕ್ಟ್ರು ಭಾರ ಎತ್ತಬೇಡ ಅಂದಿದ್ರು. ನಾಟಿ ಹಾಕೋದೂ ಭಾರಾನೇ ಅಂತ ನಂಗೇನ್ ಗೊತ್ತಿತ್ತು?" ಎಂದರು.

ಈ ಮಾತು ನನ್ನಲ್ಲಿ ಉಳಿಯಿತು. ವೈದ್ಯರು "ಭಾರ" ಎಂದದ್ದು ಸರಿಯೇ. ಆದರೆ ನಮ್ಮ ಯಾವ ಕೆಲಸ ಎಷ್ಟು ಭಾರ ಎಂಬುದನ್ನು ಬಿಡಿಸಿ ಹೇಳುವವರು ಬೇಕು. ನಾನು ವೈದ್ಯಳಲ್ಲ, ಬೇಸಾಯ ಶಾಸ್ತ್ರ ಬೋಧಿಸುವವಳು. ಚಿಕಿತ್ಸೆಯ ವಿಷಯದಲ್ಲಿ ವೈದ್ಯರ ಮಾತೇ ಕೊನೆಯದು. ಅವರ ಸಲಹೆಯನ್ನು ಹೊಲ ಮನೆಯ ಕೆಲಸಗಳಿಗೆ ಹೇಗೆ ಅನ್ವಯಿಸಬೇಕು ಎಂಬುದಷ್ಟನ್ನೇ ಇಲ್ಲಿ ವಿವರಿಸಲಾಗಿದೆ.

ಗರ್ಭಕೋಶ ಜಾರುವುದು ಏಕೆ?

ಗರ್ಭಕೋಶ, ಮೂತ್ರಕೋಶ ಮತ್ತು ಗುದನಾಳಗಳನ್ನು ಕೆಳಗಿನಿಂದ ಜೋಲಿಯಂತೆ ಹೊತ್ತು ನಿಂತಿರುವುದು ಕಿಬ್ಬೊಟ್ಟೆಯ ತಳದ ಸ್ನಾಯುಗಳು. ಮೇಲಿನಿಂದ ಹಿಡಿದಿರುವುದು ಹಗ್ಗದಂತಹ ಕಟ್ಟುಗಳು. ಹಲವು ಹೆರಿಗೆಗಳು, ಬಹಳ ಹೊತ್ತು ನೋವು ತಿಂದ ಹೆರಿಗೆ, ಬಾಣಂತನ ಮುಗಿಯುವ ಮೊದಲೇ ದುಡಿಮೆ, ಇವುಗಳಿಂದ ಈ ಜೋಲಿ ಸಡಿಲಗೊಳ್ಳುತ್ತದೆ. ಮುಟ್ಟು ನಿಂತ ಮೇಲೆ ಇನ್ನಷ್ಟು ಬಲಗುಂದುತ್ತದೆ. ಬಿಡದ ಕೆಮ್ಮು, ಮಲಬದ್ಧತೆ ಮತ್ತು ಭಾರ ಹೊರುವುದು ಹೊಟ್ಟೆಯೊಳಗಿನ ಒತ್ತಡವನ್ನು ಪದೇ ಪದೇ ಹೆಚ್ಚಿಸಿ ಅಂಗಗಳನ್ನು ಕೆಳಕ್ಕೆ ತಳ್ಳುತ್ತವೆ.

ತೊಂದರೆ ಇದ್ದವರಿಗೆಲ್ಲ ಶಸ್ತ್ರಚಿಕಿತ್ಸೆ ಬೇಕಿಲ್ಲ. ಆರಂಭದ ಹಂತದಲ್ಲಿ ಸ್ನಾಯುಗಳ ವ್ಯಾಯಾಮದಿಂದಲೂ, ಒಳಗೆ ಇಡುವ ರಿಂಗಿನಿಂದಲೂ ಅನೇಕರಿಗೆ ಅನುಕೂಲವಾಗುತ್ತದೆ. ಬರೀ ಬಿಳಿ ಸೆರಗು ಅಥವಾ ಸೊಂಟನೋವಿಗಾಗಿ ಗರ್ಭಕೋಶ ತೆಗೆಸಬೇಕೆಂದು ಯಾರಾದರೂ ಹೇಳಿದರೆ ಇನ್ನೊಬ್ಬ ಸ್ತ್ರೀರೋಗ ತಜ್ಞರನ್ನು ಕೇಳಿದ ನಂತರವೇ ಒಪ್ಪಬೇಕು.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. "ಗರ್ಭಕೋಶವನ್ನೇ ತೆಗೆದ ಮೇಲೆ ಜಾರಲು ಏನಿದೆ?" ಎಂದು ಕೇಳುವವರುಂಟು. ಗರ್ಭಕೋಶ ಹೋದರೂ ಮೂತ್ರಕೋಶ, ಗುದನಾಳ ಮತ್ತು ಯೋನಿಯ ಗೋಡೆಗಳು ಅಲ್ಲೇ ಇರುತ್ತವೆ. ಆಧಾರ ಸಡಿಲವಾದರೆ ಇವೂ ಕೆಳಕ್ಕೆ ಇಳಿಯಬಲ್ಲವು. ಚೆನ್ನಾಗಿ ಜೋಪಾನ ಮಾಡಿದವರಲ್ಲಿಯೂ ಕೆಲವರಿಗೆ ಮತ್ತೆ ಜಾರುವುದುಂಟು. ಆದುದರಿಂದ ಮರಳಿ ತೊಂದರೆಯಾದ ಹೆಂಗಸನ್ನು "ನಿನ್ನದೇ ತಪ್ಪು" ಎಂದು ದೂರುವುದು ನ್ಯಾಯವಲ್ಲ. ನಮ್ಮ ಕೈಯಲ್ಲಿರುವ ಕಾರಣಗಳನ್ನು ಕಡಿಮೆ ಮಾಡುವುದಷ್ಟೇ ನಮ್ಮ ಕೆಲಸ.

ಕಸಿ ಕಟ್ಟಿದ ಗಿಡದಂತೆ

ಮಾವಿಗೆ ಕಸಿ ಕಟ್ಟಿದಾಗ ಮೊದಲು ಜೋಡಣೆಯನ್ನು ಹಿಡಿದಿರುವುದು ನಾವು ಸುತ್ತಿದ ಪಟ್ಟಿ. ಚಿಗುರು ಬಂದಿತೆಂದು ಆಗಲೇ ಪಟ್ಟಿ ಬಿಚ್ಚಿ ಗಿಡವನ್ನು ಗಾಳಿಗೆ ಒಡ್ಡುವುದಿಲ್ಲ. ಒಳಗೆ ಕೂಡಿಕೊಳ್ಳಲು ಕಾಲ ಕೊಡುತ್ತೇವೆ. ಶಸ್ತ್ರಚಿಕಿತ್ಸೆಯ ಹೊಲಿಗೆಯೂ ಹಾಗೆಯೇ. ಹೊಲಿಗೆ ತಾನಾಗಿ ಕರಗುತ್ತದೆ. ಅಷ್ಟರಲ್ಲಿ ಒಳಗಿನ ಅಂಗಾಂಶ ತನ್ನ ಬಲದಿಂದ ಹಿಡಿದುಕೊಳ್ಳಬೇಕು. ಗಾಯದ ಬಲ ವಾರವಾರಕ್ಕೆ ನಿಧಾನವಾಗಿ ಏರುತ್ತದೆ. ನೋವು ಎರಡು ಮೂರು ವಾರಗಳಲ್ಲಿ ತಗ್ಗಿದರೂ ಗಾಯ ಬಲಿತಿರುವುದಿಲ್ಲ. ನೋವಿಲ್ಲವೆಂದು ಕೆಲಸಕ್ಕೆ ಇಳಿಯುವುದು ಚಿಗುರು ನೋಡಿ ಪಟ್ಟಿ ಬಿಚ್ಚಿದಂತೆ.

ಹಾಗೆಂದು ಹಾಸಿಗೆಯಲ್ಲೇ ಮಲಗಿರುವುದೂ ತಪ್ಪು. ಎದ್ದು ಓಡಾಡದಿದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಮೊದಲ ದಿನಗಳಿಂದಲೇ ಸ್ವಲ್ಪ ಸ್ವಲ್ಪ ನಡೆಯಬೇಕು.

ನಮ್ಮ ಹೊರೆಗಳ ತೂಕ

ಅಂದಾಜಿಗಾಗಿ ಕೆಲವು ತೂಕಗಳನ್ನು ಗಮನಿಸಿರಿ.

1. ಒಂದು ಲೀಟರು ನೀರು ಒಂದು ಕಿಲೋ. 15 ಲೀಟರು ಹಿಡಿಯುವ ಕೊಡ ತುಂಬಿದರೆ 15 ಕಿಲೋ. ಕೊಡದ ತೂಕ ಬೇರೆ.
2. ಯೂರಿಯಾ ಚೀಲ 45 ಕಿಲೋ, ಡಿ.ಎ.ಪಿ. ಚೀಲ 50 ಕಿಲೋ.
3. 16 ಲೀಟರಿನ ಬೆನ್ನು ಸಿಂಪರಣಾ ಯಂತ್ರ ತುಂಬಿದಾಗ ಸುಮಾರು 20 ಕಿಲೋ.
4. ಅಡುಗೆ ಅನಿಲದ ಸಿಲಿಂಡರಿನಲ್ಲಿ ಅನಿಲ 14.2 ಕಿಲೋ, ಸಿಲಿಂಡರ್ ಸೇರಿದರೆ ಹೆಚ್ಚುಕಡಿಮೆ 30 ಕಿಲೋ.
5. ಹಸಿ ಹುಲ್ಲಿನ ಹೊರೆ, ಹಿಪ್ಪುನೇರಳೆ ಸೊಪ್ಪಿನ ಹೊರೆ, ಸಗಣಿ ಮಂಕರಿ, ಇವು ಕಟ್ಟಿದಷ್ಟು, ತುಂಬಿದಷ್ಟು. ಒಂದು ಸಲ ತಕ್ಕಡಿಗೆ ಹಾಕಿ ನೋಡಿದರೆ ನಿಮಗೇ ಆಶ್ಚರ್ಯವಾದೀತು.

ಶಸ್ತ್ರಚಿಕಿತ್ಸೆಯ ನಂತರದ ಮೊದಲ ವಾರಗಳಲ್ಲಿ ವೈದ್ಯರು ಸಾಮಾನ್ಯವಾಗಿ ಒಪ್ಪುವುದು 4–5 ಕಿಲೋ ಮಾತ್ರ. ಅಂದರೆ ಕೊಡದ ಮೂರನೆಯ ಒಂದು ಭಾಗ ನೀರೂ ಅದಕ್ಕೆ ಮಿತಿ. ಎತ್ತುವುದಷ್ಟೇ ಅಲ್ಲ, ಕುಕ್ಕರುಗಾಲಲ್ಲಿ ಕುಳಿತು ಮುಕ್ಕಿ ಏಳುವುದು, ಕೆಸರಿನಲ್ಲಿ ಕಾಲು ಕಿತ್ತಿಡುವುದು, ಬಗ್ಗಿ ದಿನವಿಡೀ ದುಡಿಯುವುದು, ಇವುಗಳೂ ಒಳಗೆ ಒತ್ತಡ ತರುತ್ತವೆ. ನಾಟಿಯಲ್ಲಿ ಇವು ಮೂರೂ ಇವೆ. ಮೇಲೆ ನೀರು ಸೋರುವ ಸಸಿ ಕಟ್ಟುಗಳನ್ನು ಹೊರುವುದೂ ಇದೆ.

ವಾರವಾರದ ಕೆಲಸ

ಮೊದಲ 2 ವಾರ: ವಿಶ್ರಾಂತಿ, ಮನೆಯೊಳಗೆ ಹಾಗೂ ಅಂಗಳದಲ್ಲಿ ನಡಿಗೆ. ಬಟ್ಟೆ ಒಗೆಯುವುದು, ನೀರು ಸೇದುವುದು, ಮಗುವನ್ನು ಎತ್ತುವುದು ಬೇಡ.

3 ರಿಂದ 6 ವಾರ: ನಡಿಗೆಯನ್ನು ದಿನದಿನಕ್ಕೆ ಹೆಚ್ಚಿಸಬಹುದು. ನಿಂತು ಮಾಡುವ ಹಗುರ ಅಡುಗೆ, ಕುರ್ಚಿ ಅಥವಾ ಜಗಲಿಯ ಮೇಲೆ ಕುಳಿತು ಕಾಳು ಹಸನು ಮಾಡುವುದು, ಸೊಪ್ಪು ಸೋಸುವುದು ಆಗಬಹುದು. ರಾಗಿಮುದ್ದೆ ತಿರುವುವುದನ್ನು ಬೇರೆಯವರಿಗೆ ಬಿಡಬೇಕು. ದಾಂಪತ್ಯ ಸಂಪರ್ಕವೂ 6 ವಾರ ಬೇಡ. 6ನೆಯ ವಾರದ ತಪಾಸಣೆಯನ್ನು ತಪ್ಪಿಸಬಾರದು.

7 ರಿಂದ 12 ವಾರ: ವೈದ್ಯರು ಒಪ್ಪಿದರೆ ತರಕಾರಿ ಬಿಡಿಸುವುದು, ಹೂ ಕೀಳುವುದು, ಬೀಜೋಪಚಾರ, ಹಾಲು ಕರೆಯುವುದು ಮುಂತಾದ ಹಗುರ ಕೆಲಸಗಳನ್ನು ಅರ್ಧ ದಿನ ಮಾಡಬಹುದು. ಹಾಲು ಕರೆಯಲು ಎತ್ತರದ ಮಣೆ ಇಟ್ಟುಕೊಳ್ಳಬೇಕು. ಕ್ಯಾನನ್ನು ಡೈರಿಗೆ ಬೇರೆಯವರು ಒಯ್ಯಲಿ.

12 ವಾರಗಳ ನಂತರ: ಹೊಲದ ಕೆಲಸಕ್ಕೆ ಹಂತಹಂತವಾಗಿ ಮರಳಬಹುದು. ಮೊದಲ ವಾರ ಎರಡು ಗಂಟೆ, ಮುಂದಿನ ವಾರ ಅರ್ಧ ದಿನ, ಹೀಗೆ ಏರಿಸಬೇಕು. ಸಂಜೆ ಕೆಳಹೊಟ್ಟೆಯಲ್ಲಿ ಭಾರ ಅಥವಾ ಜಗ್ಗಿದಂತೆ ತೋರಿದರೆ ಮರುದಿನದ ಕೆಲಸವನ್ನು ಕಡಿಮೆ ಮಾಡಬೇಕು. ಹಾಗೆಯೇ ಮುಂದುವರಿದರೆ ವೈದ್ಯರಿಗೆ ತೋರಿಸಬೇಕು. ಗೊಬ್ಬರದ ಚೀಲ, ಬತ್ತದ ಮೂಟೆ, ತುಂಬಿದ ಸಿಂಪರಣಾ ಯಂತ್ರ, ಇವುಗಳನ್ನು ಕಾಯಂ ಆಗಿ ಬಿಟ್ಟುಬಿಡುವುದೇ ಲೇಸು.

ಕೆಲಸದ ರೀತಿಯಲ್ಲಿ ಬದಲಾವಣೆ

ಹೊರೆಯನ್ನು ಒಡೆಯಿರಿ. ಒಂದು ದೊಡ್ಡ ಕೊಡದ ಬದಲು ಎರಡು ಚಿಕ್ಕ ಬಿಂದಿಗೆ, ಒಂದು ಹೊರೆ ಹುಲ್ಲಿನ ಬದಲು ಮೂರು ಕಟ್ಟು. ನಡಿಗೆ ಹೆಚ್ಚಾಗುತ್ತದೆ, ಒತ್ತಡ ಕಡಿಮೆಯಾಗುತ್ತದೆ. ತಳ್ಳುಗಾಡಿ ಇದ್ದರೆ ಇನ್ನೂ ಒಳ್ಳೆಯದು.

ಎತ್ತುವಾಗ ವಸ್ತುವಿನ ಹತ್ತಿರ ನಿಂತು, ಮೊಣಕಾಲು ಮಡಿಸಿ, ವಸ್ತುವನ್ನು ಮೈಗೆ ಒತ್ತಿ ಹಿಡಿದು, ಉಸಿರು ಹೊರಬಿಡುತ್ತಾ ಏಳಬೇಕು. ಉಸಿರು ಕಟ್ಟಿ ಮುಕ್ಕಬಾರದು. ಏಳುವ ಮುನ್ನ ಕೆಳಗಿನ ಸ್ನಾಯುಗಳನ್ನು ಬಿಗಿ ಹಿಡಿಯಬೇಕು.

ಈ ಸ್ನಾಯುಗಳ ವ್ಯಾಯಾಮ ಸುಲಭ. ಮೂತ್ರವನ್ನೂ ವಾಯುವನ್ನೂ ತಡೆಹಿಡಿಯುವಂತೆ ಬಿಗಿದು, ಐದು ಎಣಿಸಿ ಸಡಿಲಬಿಡಬೇಕು. ಹೀಗೆ 10 ಸಲ, ದಿನಕ್ಕೆ 3 ಬಾರಿ. ಮೂತ್ರ ಮಾಡುತ್ತಿರುವಾಗ ಇದನ್ನು ಅಭ್ಯಾಸ ಮಾಡಬಾರದು. ಯಾವಾಗ ಆರಂಭಿಸಬೇಕೆಂದು ವೈದ್ಯರನ್ನು ಕೇಳಿಕೊಳ್ಳಿರಿ.

ಬತ್ತದಲ್ಲಿ ಡ್ರಮ್ ಸೀಡರಿನಿಂದ ನೇರ ಬಿತ್ತನೆ ಮಾಡಿದರೆ ನಾಟಿಯ ಕೆಲಸವೇ ಉಳಿಯುತ್ತದೆ. ಆದರೆ ಇದರಲ್ಲಿ ಕಳೆಯ ಕಾಟ ಹೆಚ್ಚು. ಮೊದಲ 40 ದಿನ ಕಳೆಯ ಹತೋಟಿ ತಪ್ಪಿದರೆ ಇಳುವರಿ ಕುಸಿಯುತ್ತದೆ. ಕೋನೋವೀಡರನ್ನು ಕೆಸರಿನಲ್ಲಿ ಹಿಂದಕ್ಕೂ ಮುಂದಕ್ಕೂ ದೂಡಲು ಬಲ ಬೇಕು. ಅದನ್ನು ಮನೆಯ ಗಂಡಸರು ಮಾಡಬೇಕು. ಯಂತ್ರ ನಾಟಿಯಾದರೆ ಚಾಪೆ ಸಸಿಮಡಿಯ ತಟ್ಟೆಗಳಿಗೆ ಬೀಜ ಹಾಕುವ ಕೆಲಸವನ್ನು ಕುಳಿತೇ ಮಾಡಬಹುದು. ಒದ್ದೆ ತಟ್ಟೆಗಳನ್ನು ಬೇರೆಯವರು ಎತ್ತಲಿ. ತರಕಾರಿ ಮತ್ತು ರಾಗಿ ತಾಕುಗಳಲ್ಲಿ ಉದ್ದ ಹಿಡಿಯ ಕಳೆ ಸಾಧನದಿಂದ ನಿಂತೇ ಕೆಲಸ ಮಾಡಬಹುದು.

ಬೆಳೆ ಯೋಜನೆಯಂತೆ ಚಿಕಿತ್ಸೆಯ ಯೋಜನೆ

ತುರ್ತಿಲ್ಲವೆಂದು ವೈದ್ಯರು ಹೇಳಿದರೆ ಶಸ್ತ್ರಚಿಕಿತ್ಸೆಯ ಕಾಲವನ್ನು ಬೆಳೆಯ ಕಾಲದೊಂದಿಗೆ ಹೊಂದಿಸಿಕೊಳ್ಳಬಹುದು. ಕಾವೇರಿ ಅಚ್ಚುಕಟ್ಟಿನಲ್ಲಿ ಮುಂಗಾರಿನ ನಾಟಿ ಜುಲೈ–ಆಗಸ್ಟಿನಲ್ಲಿ, ಕೊಯ್ಲು ನವೆಂಬರ್–ಡಿಸೆಂಬರಿನಲ್ಲಿ. ಕೊಯ್ಲು, ಒಕ್ಕಣೆ ಮುಗಿಸಿ ಜನವರಿ ಮೊದಲ ವಾರದಲ್ಲಿ ಚಿಕಿತ್ಸೆ ಮಾಡಿಸಿಕೊಂಡರೆ ಮಾರ್ಚ್ ಕೊನೆಗೆ 12 ವಾರ ತುಂಬುತ್ತದೆ. ಮುಂದಿನ ನಾಟಿಗೆ ಇನ್ನೂ ಮೂರು ತಿಂಗಳು ಉಳಿಯುತ್ತದೆ. ಬೇಸಿಗೆ ಬೆಳೆ ಇಡುವವರು ಆ ಒಂದು ಸಲ ಆ ಬೆಳೆಯ ಕೆಲಸವನ್ನು ಆಳಿಗೆ ಒಪ್ಪಿಸಬೇಕು. ನಾನು ಮೇಲೆ ಹೇಳಿದ ಹೆಂಗಸಿಗೆ ಎರಡನೆಯ ಸಲ ಶಸ್ತ್ರಚಿಕಿತ್ಸೆ ಆದದ್ದು ಹೀಗೆ ಕೊಯ್ಲಿನ ನಂತರ. ಆ ವರ್ಷ ಅವರ ಮುಯ್ಯಾಳನ್ನು ಮಗ ತೀರಿಸಿದ.

ಮುಯ್ಯಾಳು ಪದ್ಧತಿ ಇರುವ ಊರುಗಳಲ್ಲಿ ಇದನ್ನು ಮೊದಲೇ ಮಾತನಾಡಿಕೊಳ್ಳುವುದು ಉತ್ತಮ. ಚಿಕಿತ್ಸೆಯಾದವರ ಬದಲು ಮನೆಯ ಗಂಡಸು ಹೋಗಬಹುದು, ಇಲ್ಲವೇ ಮುಂದಿನ ಹಂಗಾಮಿಗೆ ಬಾಕಿ ಇಟ್ಟುಕೊಳ್ಳಬಹುದು. ಕೂಲಿಯಿಂದಲೇ ಬದುಕುವವರಿಗೆ ಮೂರು ತಿಂಗಳ ಕೂಲಿ ತಪ್ಪುವುದು ಸಣ್ಣ ಮಾತಲ್ಲ. ಅವರು ಮುಂಚಿನಿಂದಲೇ ಸ್ವಸಹಾಯ ಗುಂಪಿನಲ್ಲಿ ಉಳಿತಾಯ ಮಾಡಿಕೊಳ್ಳಬೇಕು. ಗುಂಪು ಇಂತಹವರಿಗೆ ಸಾಲ ಮಂಜೂರು ಮಾಡುವಲ್ಲಿ ಮುಂದಾಗಬೇಕು. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯವನ್ನು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿರಿ.

ಆಹಾರ ಮತ್ತು ನೀರು

ಮಲಬದ್ಧತೆ ಈ ಹೊಲಿಗೆಗೆ ದೊಡ್ಡ ಶತ್ರು. ರಾಗಿ, ಸೊಪ್ಪು, ಕಾಳುಗಳು, ಸೀಬೆ, ಪರಂಗಿ ಹಣ್ಣು ದಿನದ ಊಟದಲ್ಲಿರಲಿ. ಹೊಲದಲ್ಲಿ ಮರೆಯಿಲ್ಲವೆಂದು ಅನೇಕ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯುವುದಿಲ್ಲ. ಇದರಿಂದ ಮಲ ಗಟ್ಟಿಯಾಗುತ್ತದೆ, ಮೂತ್ರದ ಸೋಂಕೂ ಬರುತ್ತದೆ. ಗದ್ದೆ ಬದುವಿನಲ್ಲಿ ನಾಲ್ಕು ಗಳ ನೆಟ್ಟು ಸೋಗೆಯ ಮರೆ ಕಟ್ಟಿಕೊಡುವುದು ಜಮೀನಿನ ಯಜಮಾನರಿಗೆ ಅರ್ಧ ದಿನದ ಕೆಲಸ. ಸೌದೆ ಒಲೆಯ ಹೊಗೆಯಿಂದ ಕೆಮ್ಮು ಇದ್ದರೆ ಅದಕ್ಕೂ ಚಿಕಿತ್ಸೆ ಮಾಡಿಸಬೇಕು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಹೆಚ್ಚು ರಕ್ತಸ್ರಾವ, ದುರ್ವಾಸನೆಯ ಸ್ರಾವ, ಜ್ವರ, ಮೂತ್ರ ಕಟ್ಟುವುದು ಅಥವಾ ಉರಿ, ಹೆಚ್ಚುತ್ತಿರುವ ಹೊಟ್ಟೆನೋವು, ಒಂದು ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು, ಎದೆನೋವು ಅಥವಾ ಏದುಸಿರು. ಇವುಗಳಲ್ಲಿ ಯಾವುದು ಕಂಡರೂ ಕಾಯಬಾರದು.

ಕೊನೆಯದಾಗಿ ಮನೆಯ ಗಂಡಸರಿಗೆ ಒಂದು ಮಾತು. ಕರು ಹಾಕಿದ ಹಸುವಿಗೆ ಎಷ್ಟು ದಿನ ಆರೈಕೆ ಬೇಕೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಆಸ್ಪತ್ರೆಯಿಂದ ಬಂದ ಹೆಂಡತಿಯಾಗಲಿ ತಾಯಿಯಾಗಲಿ ತಾನಾಗಿ "ಆಗುವುದಿಲ್ಲ" ಎನ್ನಲಾರಳು. ವೈದ್ಯರ ಬಳಿಗೆ ನೀವೂ ಜೊತೆಯಲ್ಲಿ ಹೋಗಿ, ನಿಮ್ಮ ಮನೆಯ ಕೆಲಸಗಳನ್ನು ಒಂದೊಂದಾಗಿ ಹೆಸರಿಸಿ, ಯಾವುದು ಎಂದಿನಿಂದ ಆಗಬಹುದೆಂದು ಕೇಳಿ ಬರೆದುಕೊಳ್ಳಿರಿ. ಆ ಚೀಟಿಯನ್ನು ನೀರಿನ ಕೊಡ ಇಡುವ ಜಾಗದ ಮೇಲೆ ಅಂಟಿಸಿರಿ. 12 ವಾರ ಆ ಕೊಡವನ್ನು ನೀವೇ ಹೊರಿರಿ.