ಕುಂಡದಲ್ಲೇ ಈರುಳ್ಳಿ ಸೊಪ್ಪು, ಅದೂ ಬೀಜದಿಂದ

ಈರುಳ್ಳಿಯ ಬೇರಿನ ತುಂಡನ್ನ ನೀರಿನ ಲೋಟದಲ್ಲಿಟ್ಟು ಸೊಪ್ಪು ಬೆಳೆಸೋ ರೀಲ್ಸ್ ನೀವೂ ನೋಡಿರ್ತೀರಿ. ಸುಳ್ಳೇನಲ್ಲ, ಚಿಗುರುತ್ತೆ. ಆದರೆ ಎರಡು ಸಲ ಕತ್ತರಿಸುವಷ್ಟರಲ್ಲಿ ಎಲೆ ಸಣಕಲು, ನೀರು ವಾಸನೆ. ಮತ್ತೆ ಮತ್ತೆ ಬೇಕು ಅಂದ್ರೆ ಬೀಜದಿಂದಲೇ ಬೆಳೆಸಬೇಕು.

ನಾನು ವಾರದಲ್ಲಿ ಮೂರು ದಿನ ಗಂಡಸಿಯ ಮನೆಯಿಂದಲೇ ಕೆಲಸ ಮಾಡೋನು. ಕಳೆದ ವರ್ಷ ಅಮ್ಮನಿಗೆ ಮಂಡಿ ಆಪರೇಷನ್ ಆಯ್ತು. ಕುಕ್ಕರುಗಾಲಲ್ಲಿ ಕೂರಬಾರದು ಅಂದ್ರು ಡಾಕ್ಟ್ರು. ಹಿತ್ತಲಲ್ಲಿ ಮೂವತ್ತು ವರ್ಷ ಸೊಪ್ಪಿನ ಮಡಿ ಮಾಡಿದವರು ಕಿಟಕಿಯಿಂದ ಖಾಲಿ ಮಡಿ ನೋಡ್ತಾ ನಿಲ್ಲೋದು ನನಗೆ ಸಹಿಸೋಕಾಗಲಿಲ್ಲ. ವಾಷಿಂಗ್ ಮಷಿನ್ ಬಂದಮೇಲೆ ಬಟ್ಟೆ ಒಗೆಯೋ ಕಲ್ಲಿನ ಕಟ್ಟೆ ಸುಮ್ಮನೆ ಬಿದ್ದಿತ್ತು, ಸೊಂಟದೆತ್ತರ. ಕುಂಡಗಳು ಅಲ್ಲಿಗೇ ಹೋದವು. ಯಾಕೆ ಈರುಳ್ಳಿ? ಬೇಗ ಕೈಗೆ ಬರುತ್ತೆ, ಆರಿಂಚು ಆಳದ ಕುಂಡ ಸಾಕು.

ಮೊದಲು ಬೀಜದ ಮಾತು. ಈರುಳ್ಳಿ ಬೀಜಕ್ಕೆ ಆಯಸ್ಸು ಕಮ್ಮಿ. ಸಾಧಾರಣ ಮನೆಯ ಬಿಸಿ, ತೇವದಲ್ಲಿ ಒಂದು ವರ್ಷ ದಾಟಿದರೆ ಮೊಳಕೆ ತೀರಾ ಇಳಿಯುತ್ತೆ. ಹಾಗಾಗಿ ಪೊಟ್ಟಣದ ಮೇಲಿನ ದಿನಾಂಕ ನೋಡಿಯೇ ತಗೊಳ್ಳಿ. ಅನುಮಾನ ಇದ್ರೆ ಇಪ್ಪತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಹತ್ತು ದಿನದಲ್ಲಿ ಹತ್ತೂ ಮೊಳೆಯದಿದ್ರೆ ಆ ಪೊಟ್ಟಣ ಬೇಡ. ಒಂದು ಗ್ರಾಮ್‌ಗೆ ಸುಮಾರು 250-300 ಬೀಜ ಬರುತ್ತೆ, ಮನೆಗೆ ಅತಿ ಚಿಕ್ಕ ಪೊಟ್ಟಣವೇ ಹೆಚ್ಚು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಕಲ್ಯಾಣ್‌ನಂಥ ಗಡ್ಡೆ ಈರುಳ್ಳಿಯ ತಳಿಯನ್ನೇ ಒತ್ತೊತ್ತಾಗಿ ಬಿತ್ತಿ, ಗಡ್ಡೆ ಕಟ್ಟೋ ಮೊದಲೇ ಕಿತ್ತರೆ ಸೊಪ್ಪಿಗೆ ಆಯ್ತು. ಗಡ್ಡೆಯನ್ನೇ ಕಟ್ಟದ ಜಾತಿ ಬೇರೆ ಇದೆ, ಅಲಿಯಮ್ ಫಿಸ್ಟುಲೋಸಮ್. ಚೀನಾ, ಜಪಾನ್ ಅಡುಗೆಯಲ್ಲಿ ಹೆಚ್ಚು ಬಳಸೋದು ಅದನ್ನೇ.

ಅರಸೀಕೆರೆ ಕಡೆ ತೆಂಗಿನ ನಾರಿನ ಪುಡಿಗೆ ಬರವಿಲ್ಲ. ಆದರೆ ಹಸಿ ಪುಡಿಯಲ್ಲಿ ಉಪ್ಪಿನಂಶ ಇರುತ್ತೆ, ಎರಡು ಮೂರು ನೀರಲ್ಲಿ ತೊಳೆದು ಹಿಂಡಿ. ಅದರಷ್ಟೇ ಮಣ್ಣು, ಅಷ್ಟೇ ಕಳಿತ ಕೊಟ್ಟಿಗೆ ಗೊಬ್ಬರ. ಕುಂಡದ ತಳದಲ್ಲಿ ತೂತು ಇರಲೇಬೇಕು. ಬೀಜ ಉದುರಿಸಿ, ಮೇಲೆ ಒಂದು ಸೆಂಟಿಮೀಟರ್ ಮಣ್ಣು ಮುಚ್ಚಿ, ನೀರು ಚಿಮುಕಿಸಿ.

ಏಳರಿಂದ ಹತ್ತು ದಿನಕ್ಕೆ ಬರೋ ಮೊಳಕೆ ನೋಡೋದೇ ಚೆಂದ. ನೆಟ್ಟಗೆ ಬರಲ್ಲ, ಕೂದಲಷ್ಟು ಸಣ್ಣ ದಾರ ಮಡಚಿಕೊಂಡು ಕೊಕ್ಕೆಯ ಹಾಗೆ ಹೊರಡುತ್ತೆ. ಎರಡು ದಿನದಲ್ಲಿ ತಲೆ ಎತ್ತಿದಾಗ ತುದಿಯಲ್ಲಿ ಕಪ್ಪು ಸಿಪ್ಪೆ ಟೋಪಿಯಂತೆ ಸಿಕ್ಕಿಕೊಂಡಿರುತ್ತೆ. ಕೀಳೋಕೆ ಹೋಗಬೇಡಿ, ಅದೇ ಉದುರುತ್ತೆ. "ಹುಲ್ಲೇನೋ ಇದು?" ಅಂದ್ರು ಅಮ್ಮ. ಅವರ ಕಾಲದಲ್ಲಿ ಪೈರು ತಂದೇ ನಾಟಿ ಮಾಡ್ತಿದ್ರಂತೆ, ಬೀಜ ಮೊಳೆಯೋದನ್ನ ಹತ್ತಿರದಿಂದ ನೋಡಿರಲಿಲ್ಲ. ಮಾರನೇ ದಿನ ನಾನು ಸ್ಟ್ಯಾಂಡಪ್ ಕಾಲ್ ಮುಗಿಸಿ ಬರೋಷ್ಟರಲ್ಲಿ ವಾಕರ್ ಬದಿಗಿಟ್ಟು, ಕಟ್ಟೆ ಹಿಡಿದು ನಿಂತು ನೀರು ಹಾಕ್ತಿದ್ರು.

ಈ ಹಂತದಲ್ಲಿ ನೀರು ಜಾಸ್ತಿಯಾದ್ರೆ ಸಸಿ ಬುಡ ಕೊಳೆತು ಮಲಗಿಬಿಡುತ್ತೆ. ಮೇಲ್ಮಣ್ಣು ಬೆರಳಿಗೆ ಒಣಗಿದಂತೆ ಕಂಡ್ರೆ ಮಾತ್ರ ಹಾಕಿ. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಒತ್ತಾಗಿ ಬಂದಿದ್ರೆ ಎರಡು ಮೂರು ಸೆಂಟಿಮೀಟರ್ ಅಂತರ ಉಳಿಸಿ ಉಳಿದದ್ದು ಕಿತ್ತು ಸಾರಿಗೆ ಹಾಕಿ. ಎಲೆ ಮೇಲೆ ಬೆಳ್ಳಿಯಂಥ ಗೀರು ಕಂಡ್ರೆ ಅದು ಥ್ರಿಪ್ಸ್ ನುಸಿ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಒಂದು ಹನಿ ಸೋಪು, ಸಂಜೆ ಹೊತ್ತು ಸಿಂಪಡಿಸಿ.

ಬಿತ್ತಿದ ಎರಡು ತಿಂಗಳಿಗೆ ಪೆನ್ಸಿಲ್ ದಪ್ಪ ಆಗುತ್ತೆ. ಬುಡದಿಂದ ಎರಡು ಬೆರಳು ಮೇಲೆ ಕತ್ತರಿಸಿದ್ರೆ ಮತ್ತೆ ಚಿಗುರುತ್ತೆ. ಮೂರು ವಾರಕ್ಕೊಂದು ಕುಂಡ ಬಿತ್ತುತ್ತಾ ಹೋದ್ರೆ ಕೊರತೆ ಬೀಳಲ್ಲ. ನಮ್ಮಲ್ಲಿ ಈಗ ಮೂರನೇ ಕುಂಡ. ಅದರ ಬೀಜ ಅಮ್ಮನೇ ಹಾಕಿದ್ದು, ಯಾವುದನ್ನ ಯಾವಾಗ ಕತ್ತರಿಸಬೇಕು ಅನ್ನೋದೂ ಈಗ ಅವರದೇ ತೀರ್ಮಾನ. ನನ್ನ ಆಮ್ಲೆಟ್‌ಗೆ ಕೇಳಿಯೇ ಕೊಯ್ಯಬೇಕು.