ಸೀಸನ್ ಟಿಕೆಟ್ಟಿನ ಲೆಕ್ಕ

ನನ್ನ ಊರು ಚಿಕ್ಕಪಡಸಲಗಿ. ಜಮಖಂಡಿ ತಾಲೂಕಿನಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲಿದೆ. 1989ರಲ್ಲಿ ರೈತರು ತಾವೇ ವಂತಿಗೆ ಕೂಡಿಸಿ, ತಾವೇ ದುಡಿದು, ಹೊಳೆಗೆ ಬ್ಯಾರೇಜು ಕಟ್ಟಿಕೊಂಡ ಊರೆಂದು ಅದರ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಅದರಿಂದ ನೀರು ಬಂತು, ಕಬ್ಬು ಬಂತು, ಕಬ್ಬು ಹೇರಿಕೊಂಡು ಹೋಗಲು ಟ್ರ್ಯಾಕ್ಟರುಗಳ ಸಾಲು ಬಂತು. ರೈಲು ಮಾತ್ರ ಬರಲಿಲ್ಲ. ಪಟವರ್ಧನರ ಸಂಸ್ಥಾನವಿದ್ದ ಕಾಲದಲ್ಲಿಯೂ ಜಮಖಂಡಿಗೆ ರೈಲಿರಲಿಲ್ಲ, ಈಗಲೂ ಇಲ್ಲ. ಆದುದರಿಂದ ರೈಲಿನ ಟಿಕೆಟ್ಟನ್ನು ಕುರಿತು ಬರೆಯಲು ನನ್ನಂಥವನಿಗೆ ಏನು ಅಧಿಕಾರವೆಂದು ನೀವು ಕೇಳಿದರೆ ತಪ್ಪಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಬಾಗಲಕೋಟೆಯ ನಿಲ್ದಾಣದಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದಾಗಲೇ ನಾನು ರೈಲಿನ ಒಳಭಾಗವನ್ನು ಮೊದಲು ಕಂಡುದು. ತಿಳಿಯದವನು ದಂಡ ತೆತ್ತು ಕಲಿತದ್ದನ್ನು ಇತರರಿಗೆ ಹೇಳುವುದಷ್ಟೇ ನನ್ನ ಅಧಿಕಾರ.

2023ರಲ್ಲಿ ನಾನು ಈ ಕಾಲೇಜಿಗೆ ಸೇರಿದೆ. ಬೆಂಗಳೂರಿನಲ್ಲಿ ಕೋಣೆ ಹಿಡಿಯುವ ಶಕ್ತಿ ನಮ್ಮ ಮನೆಗೆ ಇರಲಿಲ್ಲ. ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿರುವ ನನ್ನ ಸೋದರಮಾವ ರಾಮನಗರದಲ್ಲಿ ಮನೆ ಮಾಡಿದ್ದಾರೆ. “ಊಟ, ವಸತಿ ನನ್ನ ಕಡಿಗಿರಲಿ, ಓಡಾಡೂ ಖರ್ಚು ನೀ ನೋಡ್ಕೊ” ಎಂದರು. ಓಡಾಟದ ಖರ್ಚೆಂದರೆ ಎಷ್ಟಾದೀತೆಂದು ಅಪ್ಪನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹೀಗಾಗಿ ಕೇಳಬೇಕಾದ ಪ್ರಶ್ನೆ ಯಾವುದೆಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ರಾಮನಗರದಿಂದ ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕೆ ಐವತ್ತು ಕಿಲೋಮೀಟರಿಗಿಂತ ಕಡಿಮೆ ದೂರ. ಕೊರೋನಾ ಕಾಲದ ತರುವಾಯ ಪ್ಯಾಸೆಂಜರ್ ಗಾಡಿಗಳಲ್ಲಿಯೂ ಎಕ್ಸ್‌ಪ್ರೆಸ್ಸಿನ ದರವನ್ನೇ ತೆಗೆದುಕೊಳ್ಳುತ್ತಿದ್ದ ದಿನಗಳವು. ಹತ್ತು ರೂಪಾಯಿ ಇದ್ದ ಕನಿಷ್ಠ ದರ ಮೂವತ್ತಾಗಿತ್ತು. 2024ರ ಫೆಬ್ರುವರಿ ಕೊನೆಯಲ್ಲಿ ಪ್ಯಾಸೆಂಜರ್ ಗಾಡಿಗಳಿಗೆ ಮತ್ತೆ ಹತ್ತು ರೂಪಾಯಿಯ ದರ ಬಂತು. ಆದರೆ ನನ್ನ ಮೊದಲ ಸೆಮಿಸ್ಟರು ಅಷ್ಟರಲ್ಲಿ ಮುಗಿದಿತ್ತು. ದಿನಕ್ಕೆ ಹೋಗಿ ಬರಲು ಅರವತ್ತು. ತಿಂಗಳಿಗೆ ಇಪ್ಪತ್ತೈದು ದಿನವೆಂದರೆ ಸಾವಿರದ ಐನೂರು. ಒಂದೂವರೆ ಎಕರೆ ಕಬ್ಬಿನ ಬಿಲ್ಲು ಎಂದು ಕೈಸೇರುವುದೋ ಎಂದು ಕಾಯುವ ಮನೆಗೆ ಇದು ಸಣ್ಣ ಮೊತ್ತವಲ್ಲ. ದಿನವೂ ಬೆಳಿಗ್ಗೆ ಸಾಲಿನಲ್ಲಿ ನಿಂತು ಮೂವತ್ತು ರೂಪಾಯಿ ಕೊಟ್ಟು ಚೀಟಿ ಕೊಳ್ಳುತ್ತಿದ್ದೆ. ಇದನ್ನು ಬಿಟ್ಟು ಬೇರೊಂದು ಮಾರ್ಗವಿದ್ದೀತೆಂಬ ಯೋಚನೆಯೇ ನನಗೆ ಬರಲಿಲ್ಲ. ಊರಿನಲ್ಲಿ ಬಸ್ಸಿನ ವಿದ್ಯಾರ್ಥಿ ಪಾಸು ಬಲ್ಲವನಾಗಿದ್ದರೂ ರೈಲೆಂದರೆ ದೂರದ ಪ್ರಯಾಣಕ್ಕೆ ಮಾತ್ರ ಎಂಬ ಭ್ರಮೆ ತಲೆಯಲ್ಲಿ ಕೂತಿತ್ತು.

ಒಂದು ದಿನ ಸಾಲು ಬಾಗಿಲಿನ ತನಕ ಬೆಳೆದಿತ್ತು. ಗಾಡಿ ಬಂದು ನಿಂತಿತ್ತು, ಮೊದಲ ಪೀರಿಯಡ್ಡಿನಲ್ಲಿ ಕಿರುಪರೀಕ್ಷೆಯಿತ್ತು. ಟಿಕೆಟ್ಟಿಲ್ಲದೆ ಹತ್ತಿಬಿಟ್ಟೆ. ಕೆಂಗೇರಿ ದಾಟುವುದರೊಳಗೆ ಟಿಕೆಟ್ ಪರೀಕ್ಷಕರು ಬಂದರು. ಟಿಕೆಟ್ಟಿಲ್ಲದ ಪ್ರಯಾಣಕ್ಕೆ ಕನಿಷ್ಠ 250 ರೂಪಾಯಿ ದಂಡ, ಅದರ ಮೇಲೆ ಟಿಕೆಟ್ಟಿನ ಹಣ, ಒಟ್ಟು 280. ಅವರು ಒರಟಾಗಿ ಏನೂ ಆಡಲಿಲ್ಲ, ರಸೀದಿ ಬರೆದು ಕೊಟ್ಟರು. ಪರೀಕ್ಷಾ ಶುಲ್ಕಕ್ಕೆಂದು ಅಪ್ಪ ಕಳಿಸಿದ ಹಣ ಜೇಬಿನಲ್ಲಿತ್ತು, ಅದರಿಂದಲೇ ಕೊಟ್ಟೆ. ಆ ವಾರ ಓದು ಬಿಟ್ಟು ಊರಿಗೆ ಹೋಗಿಬಿಡಬೇಕೆಂದು ಎರಡು ಸಲ ನಿಶ್ಚಯಿಸಿದೆ. ಮಾವನಿಗೂ ಹೇಳಲಿಲ್ಲ.

ಮರುದಿನ ಪ್ಲಾಟ್‌ಫಾರಮ್ಮಿನಲ್ಲಿ ನನ್ನ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು, ಬೆಂಗಳೂರಿನ ಯಾವುದೋ ಕಚೇರಿಯ ಗುಮಾಸ್ತರಂತೆ, ನನ್ನ ದಂಡದ ಪ್ರಸಂಗವನ್ನು ಕಂಡವರು, “ಏನಪ್ಪಾ, ದಿನಾ ಓಡಾಡೋನು ಪಾಸ್ ಮಾಡಿಸ್ಕೊಂಡಿಲ್ವಾ?” ಎಂದರು. “ಪಾಸು ಬಸ್ಸಿಗೆ ಇರತೈತ್ರಿ, ರೈಲಿಗೂ ಐತೇನ್ರಿ?” ಎಂದೆ. ಅವರು ನಗಲಿಲ್ಲ. ಅದಕ್ಕಾಗಿ ಅವರಿಗೆ ನಾನು ಇಂದಿಗೂ ಋಣಿ. ಜೇಬಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿದ್ದ ಭಾವಚಿತ್ರದ ಗುರುತಿನ ಚೀಟಿಯನ್ನೂ ಅದಕ್ಕೆ ಜೋಡಿಸಿದ ಸೀಸನ್ ಟಿಕೆಟ್ಟನ್ನೂ ತೋರಿಸಿದರು. ಗಾಡಿ ಬೆಂಗಳೂರು ಮುಟ್ಟುವುದರೊಳಗೆ ಅವರು ಹೇಳಿಕೊಟ್ಟುದನ್ನೂ, ಆಮೇಲೆ ನಾನಾಗಿ ವಿಚಾರಿಸಿ ತಿಳಿದುದನ್ನೂ ಇಲ್ಲಿ ಬರೆಯುತ್ತೇನೆ.

ಸೀಸನ್ ಟಿಕೆಟ್ಟೆಂದರೆ ಎರಡು ನಿಲ್ದಾಣಗಳ ನಡುವೆ ಗೊತ್ತಾದ ಅವಧಿಯಲ್ಲಿ ಎಷ್ಟು ಸಲವಾದರೂ ಹೋಗಿಬರಬಹುದಾದ ಟಿಕೆಟ್ಟು. 150 ಕಿಲೋಮೀಟರಿನವರೆಗಿನ ದೂರಕ್ಕೆ ಇದು ದೊರೆಯುತ್ತದೆ. ಮೈಸೂರಿನಿಂದ ಬೆಂಗಳೂರಿಗೂ ಅದರ ಮಿತಿಯೊಳಗೇ ಬರಬಹುದು. ದರವನ್ನು ಹಾಕುವ ರೀತಿಯೇ ಇದರ ಸ್ವಾರಸ್ಯ. ಒಂದು ತಿಂಗಳ ಪಾಸಿನ ಬೆಲೆ ಸುಮಾರು ಹದಿನೈದು ಒಂಟಿ ಪ್ರಯಾಣಗಳ ಲೆಕ್ಕದಲ್ಲಿ ನಿಂತಿದೆ. 2014ರ ಜೂನ್ ತಿಂಗಳಲ್ಲಿ ಅದನ್ನು ಮೂವತ್ತು ಪ್ರಯಾಣಗಳ ಲೆಕ್ಕಕ್ಕೆ ಏರಿಸುವ ಪ್ರಕಟಣೆ ಹೊರಟಿತ್ತು. ಮುಂಬಯಿಯಲ್ಲಿ ದೊಡ್ಡ ಗದ್ದಲವೆದ್ದು, ಕೆಲವೇ ದಿನಗಳಲ್ಲಿ ಹಳೆಯ ಹದಿನೈದರ ಲೆಕ್ಕವೇ ಉಳಿಯಿತು. 2025ರ ಜುಲೈ 1ರಂದು ದೂರ ಪ್ರಯಾಣದ ದರಗಳು ಏರಿದಾಗಲೂ ಸೀಸನ್ ಟಿಕೆಟ್ಟಿನ ದರವನ್ನು ಮುಟ್ಟಲಿಲ್ಲ.

ಈ ಹದಿನೈದರ ಲೆಕ್ಕವನ್ನು ನಮ್ಮ ಕಾಲೇಜಿನ ದಿನಗಳಿಗೆ ಹಚ್ಚಿ ನೋಡಿರಿ. ತಿಂಗಳಿಗೆ ನಾವು ಮಾಡುವುದು ಐವತ್ತು ಪ್ರಯಾಣ. ಎಂಟನೆಯ ದಿನವೇ ಪಾಸಿನ ಬೆಲೆ ತೀರಿ, ಅಲ್ಲಿಂದ ಮುಂದಿನ ಓಡಾಟವೆಲ್ಲ ಪುಕ್ಕಟೆ. ಎಕ್ಸ್‌ಪ್ರೆಸ್ ಟಿಕೆಟ್ಟು ಕೊಳ್ಳುತ್ತಿದ್ದ ನನ್ನ ಪಾಲಿಗೆ ಒಂದು ವಾರದ ಹಣಕ್ಕಿಂತಲೂ ಕಡಿಮೆಯಲ್ಲಿ ಪೂರ್ಣ ದರದ ಪಾಸು ಬರುತ್ತಿತ್ತು. ಅದರ ಮೇಲೆ ವಿದ್ಯಾರ್ಥಿಗಳಿಗೆ ಅರ್ಧ ರಿಯಾಯಿತಿ ಉಂಟು. ಇಪ್ಪತ್ತೈದು ವಯಸ್ಸಿನವರೆಗೆ ಇದು ಸಲ್ಲುತ್ತದೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ವಯೋಮಿತಿ ಇಪ್ಪತ್ತೇಳು, ರಿಯಾಯಿತಿಯೂ ಹೆಚ್ಚು. 2020ರ ಮಾರ್ಚಿನಲ್ಲಿ ಹಿರಿಯ ನಾಗರಿಕರದೂ ಸೇರಿ ಹಲವು ರಿಯಾಯಿತಿಗಳನ್ನು ನಿಲ್ಲಿಸಿದರಾದರೂ ವಿದ್ಯಾರ್ಥಿಗಳದನ್ನು ಉಳಿಸಿದರು. ಅಂತೂ ಮೂರು ದಿನಕ್ಕೆ ಟಿಕೆಟ್ಟು ಕೊಳ್ಳುತ್ತಿದ್ದ ಹಣ ನನಗೆ ಒಂದು ತಿಂಗಳಿಗೆ ಸಾಕಾಗಿ ಮಿಕ್ಕಿತು. ಮೊದಲ ಪಾಸನ್ನು ಕೈಯಲ್ಲಿ ಹಿಡಿದಾಗ ಸಂತೋಷಕ್ಕಿಂತ ಹೊಟ್ಟೆಯುರಿಯೇ ಹೆಚ್ಚಾಯಿತು. ನಾಲ್ಕು ತಿಂಗಳು ನಾನು ನನ್ನ ಮಾವನ ಕಾರ್ಖಾನೆಯ ಎಂಜಿನಿಯರರಿಗಿಂತಲೂ ದುಬಾರಿ ಬೆಲೆ ಕೊಟ್ಟು ಪ್ರಯಾಣ ಮಾಡಿದ್ದೆ. ಅವರೆಲ್ಲರ ಬಳಿ ಪಾಸಿತ್ತು. ದಿನದ ಕೂಲಿಗೆ ದಿನದ ಅಕ್ಕಿ ತರುವವನು ಸೇರಿಗೆ ಹೆಚ್ಚು ಕೊಡುವಂತೆಯೇ, ದಿನದ ಟಿಕೆಟ್ಟಿನವನೂ ಹೆಚ್ಚು ಕೊಡುತ್ತಾನೆ.

ಹೆಣ್ಣುಮಕ್ಕಳ ವಿಷಯ ಬೇರೆ. ಪದವಿ ಮುಗಿಯುವವರೆಗೆ ಮನೆಯಿಂದ ವಿದ್ಯಾಸಂಸ್ಥೆಗೆ ಎರಡನೆಯ ದರ್ಜೆಯ ತಿಂಗಳ ಪಾಸು ಅವರಿಗೆ ಸಂಪೂರ್ಣ ಉಚಿತ. ಹುಡುಗರಿಗೆ ಈ ಸೌಲಭ್ಯ ಹನ್ನೆರಡನೆಯ ತರಗತಿಗೇ ಮುಗಿಯುತ್ತದೆ. 2008ರ ರೈಲ್ವೆ ಬಜೆಟ್ಟಿನಲ್ಲಿ ಈ ಮಿತಿಗಳನ್ನು ಹೀಗೆ ವಿಸ್ತರಿಸಿದರು. ಚನ್ನಪಟ್ಟಣದಿಂದ ಬರುವ ನನ್ನ ಸಹಪಾಠಿಯೊಬ್ಬರು ಪಿ.ಯು.ಸಿ.ಯಿಂದಲೂ ಇದೇ ಪಾಸಿನಲ್ಲಿ ಓಡಾಡುತ್ತಿದ್ದರು. ಒಂದೇ ಬೆಂಚಿನ ಸಾಲಿನಲ್ಲಿ ಕುಳಿತು ಒಂದೇ ಸೆಮಿಸ್ಟರು ಓದಿದರೂ, ಈ ವಿಷಯವನ್ನು ನಾನು ಕೇಳಲಿಲ್ಲ, ಅವರಿಗೆ ಹೇಳಬೇಕೆಂದು ತೋರಲಿಲ್ಲ. ಹಳ್ಳಿಯಿಂದ ಬಂದವನಿಗೆ ‘ನನಗೆ ಗೊತ್ತಿಲ್ಲ’ ಎನ್ನುವುದು ಹಸಿವಾಗಿದೆ ಎನ್ನುವುದಕ್ಕಿಂತಲೂ ಕಷ್ಟದ ಮಾತು. ನಮ್ಮ ಕಾಲೇಜಿನಲ್ಲಿ ಇನ್ನೂ ಯಾವ ಸೋದರಿಯಾದರೂ ಕಿಟಕಿಯಲ್ಲಿ ದಿನದ ಟಿಕೆಟ್ಟು ಕೊಳ್ಳುತ್ತಿದ್ದರೆ ದಯಮಾಡಿ ನಾಳೆಯೇ ವಿಚಾರಿಸಿಕೊಳ್ಳಲಿ.

ಪಾಸು ಮಾಡಿಸುವ ಕ್ರಮ ಹೆದರುವಂಥದೇನಲ್ಲ. ರಿಯಾಯಿತಿಯ ಪ್ರಮಾಣಪತ್ರಕ್ಕೆ ಪ್ರಾಂಶುಪಾಲರ ಸಹಿ ಮತ್ತು ಮೊಹರು ಬೇಕು. ಅದರೊಡನೆ ಕಾಲೇಜಿನ ಗುರುತಿನ ಚೀಟಿ, ವಿಳಾಸದ ದಾಖಲೆ, ಒಂದು ಭಾವಚಿತ್ರ ಒಯ್ದರೆ ನಿಲ್ದಾಣದ ಕಿಟಕಿಯಲ್ಲಿ ಪಾಸು ಕೊಡುತ್ತಾರೆ. ಗುರುತಿನ ಚೀಟಿಯ ಸಂಖ್ಯೆ ಪಾಸಿನ ಮೇಲಿರುತ್ತದೆ. ಎರಡೂ ಜೊತೆಗಿಲ್ಲದಿದ್ದರೆ ಪಾಸಿದ್ದೂ ಇಲ್ಲದಂತೆಯೇ. ಅವಧಿ ಮುಗಿಯುವ ಹತ್ತು ದಿನ ಮೊದಲೇ ನವೀಕರಿಸಬಹುದು. ತಿಂಗಳ ಮೊದಲ ಸೋಮವಾರದ ಸಾಲನ್ನು ಕಂಡವರಿಗೆ ಈ ನಿಯಮದ ಬೆಲೆ ತಿಳಿದೀತು. ಕೈಫೋನಿನಲ್ಲಿಯೇ ಪಾಸು ಪಡೆಯುವ ಸೌಕರ್ಯವೂ ಈಗ ಬಂದಿದೆ. ಆದರೆ ಪ್ರಮಾಣಪತ್ರ ಕೊಟ್ಟು ಪಡೆಯುವ ರಿಯಾಯಿತಿಗೆ ನಾನು ಕಿಟಕಿಗೇ ಹೋಗುತ್ತೇನೆ.

ಇನ್ನು ಮೂರು ತಿಂಗಳ ಪಾಸು. ಇದರ ಬೆಲೆ ತಿಂಗಳ ಪಾಸಿನ ಎರಡು ಮುಕ್ಕಾಲು ಪಾಲಿಗಿಂತ ತುಸು ಕಡಿಮೆ, ಸರಿಯಾಗಿ ಹೇಳಬೇಕೆಂದರೆ 2.7 ಪಟ್ಟು. ಅಂದರೆ ನೂರಕ್ಕೆ ಹತ್ತು ಉಳಿತಾಯ. ಆರು ತಿಂಗಳದಕ್ಕೆ 5.4, ವರ್ಷದ್ದಕ್ಕೆ 10.8. ಗುಣಿಸಿ ನೋಡಿದರೆ ಇವೆಲ್ಲ ಅದೇ 2.7ರ ಮಕ್ಕಳೇ. ಮೂರು ತಿಂಗಳಿಗಿಂತ ಹೆಚ್ಚಿನ ಪಾಸಿಗೆ ಹೆಚ್ಚಿನ ಲಾಭವಿಲ್ಲ. ವಿದ್ಯಾರ್ಥಿಗೆ ಮೂರು ತಿಂಗಳ ಪಾಸೂ ಒಮ್ಮೊಮ್ಮೆ ನಷ್ಟವೇ. ನಡುವೆ ಪರೀಕ್ಷೆಯ ನಂತರದ ಒಂದು ತಿಂಗಳ ರಜೆ ಬಂದರೆ, ಎರಡು ತಿಂಗಳ ಓಡಾಟಕ್ಕೆ 2.7ರ ಬೆಲೆ ಕೊಟ್ಟಂತಾಯಿತು. ಎರಡನೆಯ ಸೆಮಿಸ್ಟರಿನಲ್ಲಿ ನಾನು ಇದೇ ಜಾಣತನ ತೋರಿಸಿ ಕೈ ಸುಟ್ಟುಕೊಂಡೆ. ಈಗ ಪಂಚಾಂಗಕ್ಕಿಂತ ಮೊದಲು ವಿಶ್ವವಿದ್ಯಾಲಯದ ವೇಳಾಪಟ್ಟಿ ನೋಡಿ ಪಾಸಿನ ದಿನ ಗೊತ್ತು ಮಾಡುತ್ತೇನೆ.

ಗಾಡಿಗಳ ವಿಷಯದಲ್ಲಿ ಎಚ್ಚರವಿರಬೇಕು. ಎರಡನೆಯ ದರ್ಜೆಯ ಪಾಸಿನವರು ಕಾಯ್ದಿರಿಸಿದ ಡಬ್ಬಿಗಳನ್ನು ಹತ್ತುವಂತಿಲ್ಲ. ಸೂಪರ್‌ಫಾಸ್ಟ್ ಗಾಡಿಗೆ ಬೇರೆ ಹೆಚ್ಚುವರಿ ಹಣ ಕಟ್ಟಬೇಕು. ಗಾಡಿಯ ಸಂಖ್ಯೆ 12, 20 ಅಥವಾ 22ರಿಂದ ಆರಂಭವಾದರೆ ಅದು ಸೂಪರ್‌ಫಾಸ್ಟ್ ಎಂದು ತಿಳಿಯತಕ್ಕದ್ದು. ನಮ್ಮ ಮಾರ್ಗದಲ್ಲಿ ಚಾಮುಂಡಿ ಎಕ್ಸ್‌ಪ್ರೆಸ್ 16215, ಅದು ನಮ್ಮದು. 2022ರವರೆಗೆ ಟಿಪ್ಪು ಎಂಬ ಹೆಸರಿದ್ದ ಒಡೆಯರ್ ಎಕ್ಸ್‌ಪ್ರೆಸ್ 12613, ಅದು ನಮ್ಮದಲ್ಲ. ಚಾಮುಂಡಿಯಲ್ಲಿ ಮಂಡ್ಯದಿಂದಲೇ ಕಾಲಿಡಲು ಸ್ಥಳವಿರುವುದಿಲ್ಲವೆಂಬುದು ಬೇರೆ ಮಾತು. ನಿಂತುಕೊಂಡೇ ಭಾರತದ ಸಂವಿಧಾನದ ಮೂರು ಅಧ್ಯಾಯ ಓದಿ ಮುಗಿಸಿದ್ದೇನೆ.

ಅಗ್ಗವೆಂದು ತೋರುವ ದುಬಾರಿ ದಾರಿಯೂ ಒಂದುಂಟು. ಕೆಂಗೇರಿಯವರೆಗೆ ಮಾತ್ರ ಪಾಸು ಮಾಡಿಸಿ ಅಲ್ಲಿಂದ ಮೆಟ್ರೊ ಹಿಡಿಯುವುದು. ಮೆಟ್ರೊ ಕೆಂಗೇರಿ ಮುಟ್ಟಿದುದು 2021ರಲ್ಲಿ. ತಂಪಾಗಿದೆ, ವೇಳೆಗೆ ಸರಿಯಾಗಿದೆ. ಆದರೆ 2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಅದರ ಗರಿಷ್ಠ ದರ 90 ರೂಪಾಯಿಗೆ ಏರಿತು, ಅಲ್ಲಿ ನಮ್ಮಂಥವರಿಗೆ ತಿಂಗಳ ಪಾಸೂ ಇಲ್ಲ. ರೈಲಿನ ಪಾಸಿನಲ್ಲಿ ಕೆಂಗೇರಿಯಿಂದ ಮುಂದಿನ ದೂರಕ್ಕೆ ಹೆಚ್ಚುವ ಹಣ ಬಹಳ ಕಡಿಮೆ. ಕೊನೆಯ ನಿಲ್ದಾಣದವರೆಗೂ ಪಾಸು ಮಾಡಿಸಿ, ಅಲ್ಲಿಂದ ಕಾಲೇಜಿಗೆ ನಡೆದುಬಿಡುವುದೇ ಲೇಸು. ನಡುವಿನ ನಿಲ್ದಾಣಗಳಲ್ಲಿ ಇಳಿಯಲೂ ಆ ಪಾಸಿನಲ್ಲಿ ಅಡ್ಡಿಯಿಲ್ಲ. ಆದರೆ ನಡಿಗೆಗೆ ಅರ್ಧ ಗಂಟೆ ಬೇಕು, ಗಾಡಿ ತಡವಾದರೆ ಮೊದಲ ಪೀರಿಯಡ್ಡು ಹೋಗುತ್ತದೆ. ಹಾಜರಾತಿ ಕಡಿಮೆಯಾದಾಗ ಅದರ ಬೆಲೆಯನ್ನು ಯಾವ ಕಿಟಕಿಯಲ್ಲಿ ಕಟ್ಟಬೇಕು? ಆದ್ದರಿಂದ ನಾನು ಒಂದು ಗಾಡಿ ಮೊದಲೇ ಹೊರಡುತ್ತೇನೆ. ಅತ್ತೆ ಐದಕ್ಕೇ ಎದ್ದು ಬುತ್ತಿ ಕಟ್ಟುತ್ತಾರೆ. ನನ್ನ ಪಾಸಿನ ನಿಜವಾದ ದರದಲ್ಲಿ ಅವರ ನಿದ್ದೆಯೂ ಸೇರಿದೆ.

ಈ ವರ್ಷ ನನ್ನ ತಂಗಿ ಜಮಖಂಡಿಯಲ್ಲಿ ಬಿ.ಎ. ಮೊದಲ ವರ್ಷಕ್ಕೆ ಸೇರಿದ್ದಾಳೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದಾಗಿ ಅವಳಿಗೆ ಬಸ್ಸಿನ ಖರ್ಚಿಲ್ಲ. ಅಪ್ಪ ಫೋನಿನಲ್ಲಿ, “ಅಕಿಗಂತೂ ರೊಕ್ಕ ಬೇಕಾಗಿಲ್ಲ. ನಿಂದು ಓಡಾಡೂದು ತಿಂಗಳಿಗೆ ಎಷ್ಟ ಆಗತೈತಿ?” ಎಂದು ಮೊದಲ ಸಲ ಕೇಳಿದರು. ಹೇಳಿದೆ. “ಮತ್ತ ಮೊದಲನೇ ವರ್ಷ ಯಾಕ ಅಷ್ಟ ಬೇಡ್ತಿದ್ದಿ?” ಎಂದರು. ದಂಡದ ಕಥೆಯನ್ನೂ ಆಗಲೇ ಹೇಳಿಬಿಟ್ಟೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆವತ್ತ ಹೇಳಿದ್ರ ಏನಾಗ್ತಿತ್ತಪಾ?” ಎಂದರು.

ಬಾಗಲಕೋಟೆಯಿಂದ ಕುಡಚಿಗೆ ಹೊಸ ರೈಲುಮಾರ್ಗ ಮಂಜೂರಾದುದು 2010ರ ಸುಮಾರಿಗೆ. ಉದ್ದ 142 ಕಿಲೋಮೀಟರು. ಬಾಗಲಕೋಟೆಯ ಕಡೆಯಿಂದ ಸ್ವಲ್ಪ ದೂರದವರೆಗೆ ಹಳಿ ಹಾಕಿದ್ದಾರೆ. ಜಮಖಂಡಿಯನ್ನು ಅದು ಇನ್ನೂ ಮುಟ್ಟಿಲ್ಲ. ಸೀಸನ್ ಟಿಕೆಟ್ಟಿನ ಮಿತಿ 150 ಕಿಲೋಮೀಟರಲ್ಲವೇ? ಹಾಗಾದರೆ ಆ ಮಾರ್ಗ ಮುಗಿದ ದಿನ ಈ ತುದಿಯಿಂದ ಆ ತುದಿಯವರೆಗೆ ಒಂದೇ ಪಾಸಿನಲ್ಲಿ ಓಡಾಡಬಹುದೆಂದೂ, ಹುಡುಗಿಯರಿಗೆ ಪದವಿಯವರೆಗೆ ಅದೂ ಉಚಿತವೆಂದೂ ಲೆಕ್ಕ ಹಾಕಿ ತಂಗಿಗೆ ಉತ್ಸಾಹದಿಂದ ವಿವರಿಸಿದೆ. ಅವಳು ಕೇಳಿಸಿಕೊಂಡು, “ಅಣ್ಣಾ, ನಿನ್ನ ರೈಲು ಜಮಖಂಡಿಗಿ ಬರೂದ್ರಾಗ ನನ್ನ ಡಿಗ್ರಿ ಮುಗದಿರತೈತಿ. ನೀ ಮೊದಲ ನಿನ್ನ ಪಾಸು ನವೀಕರಿಸ್ಕೊ, ಇಪ್ಪತ್ತನೇ ತಾರೀಖಿಗಿ ಮುಗಿತೈತಂತ ಹೇಳಿದ್ದೆಲ್ಲ” ಎಂದಳು.