ಕಿಸೆಯ ರೇಡಿಯೊದಲ್ಲಿ ದೂರದ ನಿಲಯಗಳ ಶ್ರವಣ

ಅಂಗೈಯಲ್ಲಿ ಅಡಗುವ ರೇಡಿಯೊ ಹತ್ತಿರದ ನಿಲಯದ ವಾರ್ತೆ, ಸಂಗೀತಗಳಿಗಷ್ಟೇ ತಕ್ಕದ್ದೆಂದೂ ದೂರದ ನಿಲಯಗಳನ್ನು ಕೇಳಬೇಕಾದರೆ ದೊಡ್ಡ ಪೆಟ್ಟಿಗೆಯೂ ಮಾಳಿಗೆಯ ಮೇಲೆ ಕಟ್ಟಿದ ಉದ್ದನೆಯ ಏರಿಯಲ್ ತಂತಿಯೂ ಬೇಕೆಂದೂ ಭಾವಿಸುವುದು ರೂಢಿ. ಇದು ಪೂರ್ಣವಾಗಿ ಸರಿಯಲ್ಲ. ಮಧ್ಯಮ ತರಂಗಗಳ ವಿಷಯದಲ್ಲಿ ದೂರವನ್ನು ದಾಟಿಸುವುದು ಆಕಾಶವೇ ಹೊರತು ರೇಡಿಯೊ ಅಲ್ಲ. ರೇಡಿಯೊ ಮಾಡಬೇಕಾದುದು ಬಂದುದನ್ನು ಕೆಡಿಸದೆ ಆರಿಸಿಕೊಡುವುದು ಮಾತ್ರ. ಆದುದರಿಂದಲೇ ಕೆಲವು ನೂರು ರೂಪಾಯಿ ಬೆಲೆಯ ಈ ವಸ್ತು, ಪ್ರಯೋಗಶಾಲೆಯ ಅನುಕೂಲ ಸಾಲದ ಕಾಲೇಜಿನಲ್ಲಿಯೂ, ಮೇಲಿನ ವಾಯುಮಂಡಲದ ಅಧ್ಯಯನಕ್ಕೆ ಉಪಕರಣವಾಗಬಲ್ಲದು. ಅದು ಹೇಗೆಂಬುದನ್ನು ತಿಳಿಸುವುದು ಪ್ರಕೃತ ಲೇಖನದ ಉದ್ದೇಶ.

ನಿಲಯದಿಂದ ಹೊರಟ ಅಲೆಗಳು ಎರಡು ದಾರಿಗಳಲ್ಲಿ ಸಾಗುತ್ತವೆ. ನೆಲವನ್ನು ಅನುಸರಿಸಿದ ಅಲೆ ಮಣ್ಣಿನಲ್ಲಿ ಶಕ್ತಿಯನ್ನು ಕಳೆದುಕೊಳ್ಳುತ್ತ ಹೆಚ್ಚೆಂದರೆ ಕೆಲವು ನೂರು ಕಿಲೋಮೀಟರುಗಳಲ್ಲಿ ಕ್ಷೀಣಿಸುತ್ತದೆ. ಮೇಲಕ್ಕೆ ಹೋದ ಅಲೆಯ ಗತಿ ಹಗಲಿನಲ್ಲಿ ಒಂದು ಬಗೆ, ಇರುಳಿನಲ್ಲಿ ಇನ್ನೊಂದು ಬಗೆ. ಹಗಲು ಸೂರ್ಯಕಿರಣಗಳು 60ರಿಂದ 90 ಕಿ.ಮೀ. ಎತ್ತರದ ವಾಯುವನ್ನು ಅಯಾನೀಕರಿಸಿ ‘ಡಿ’ ಎಂಬ ಸ್ತರವನ್ನು ಉಂಟುಮಾಡುತ್ತವೆ. ಅಲ್ಲಿ ವಾಯುವಿನ್ನೂ ಸಾಕಷ್ಟು ದಟ್ಟವಾಗಿರುವುದರಿಂದ, ಅಲೆಯ ಸೆಳೆತಕ್ಕೆ ತೂಗಾಡುವ ಎಲೆಕ್ಟ್ರಾನುಗಳು ವಾಯುಕಣಗಳಿಗೆ ತಾಗಿ ಅಲೆಯ ಶಕ್ತಿಯನ್ನು ಶಾಖವಾಗಿ ಕಳೆಯುತ್ತವೆ. ಸೂರ್ಯಾಸ್ತದ ಅನಂತರ ಈ ಸ್ತರ ಬೇಗನೆ ಅಳಿಯುತ್ತದೆ. ಆಗ ಅಲೆಯು ಸುಮಾರು 100 ಕಿ.ಮೀ. ಎತ್ತರದ ‘ಇ’ ಸ್ತರವನ್ನೋ ಅದರ ಮೇಲಿನ ‘ಎಫ್’ ಸ್ತರವನ್ನೋ ಮುಟ್ಟಿ ಭೂಮಿಗೆ ಮರಳುತ್ತದೆ. 100 ಕಿ.ಮೀ. ಎತ್ತರದಿಂದ ದಿಗಂತವು ಸುಮಾರು 1,130 ಕಿ.ಮೀ. ದೂರದಲ್ಲಿರುವುದರಿಂದ ಒಂದೇ ನೆಗೆತದಲ್ಲಿ ಅದರ ಇಮ್ಮಡಿ ದೂರವನ್ನು ಕ್ರಮಿಸುವುದು ತಾತ್ತ್ವಿಕವಾಗಿ ಸಾಧ್ಯ.

ಇಂಥ ಸ್ತರವಿರಬೇಕೆಂದು 1902ರಲ್ಲಿ ಅಮೆರಿಕದ ಕೆನೆಲಿಯೂ ಇಂಗ್ಲೆಂಡಿನ ಹೆವಿಸೈಡನೂ ಬೇರೆ ಬೇರೆಯಾಗಿ ಊಹಿಸಿದ್ದರು. ಊಹೆಗೆ ಪ್ರಯೋಗದ ಆಧಾರ ದೊರೆತುದು 1924ರಲ್ಲಿ. ಬಿ.ಬಿ.ಸಿ.ಯ ಬೋರ್ನ್‌ಮತ್ ನಿಲಯದ ಆವರ್ತನವನ್ನು ಮೆಲ್ಲಮೆಲ್ಲನೆ ಬದಲಿಸುವ ಏರ್ಪಾಡು ಮಾಡಿ, ಆಪಲ್ಟನ್ ಮತ್ತು ಬಾರ್ನೆಟ್ ಆಕ್ಸ್‌ಫರ್ಡಿನಲ್ಲಿ ಅಲೆಯ ಬಲದ ಏರಿಳಿತಗಳನ್ನು ಎಣಿಸಿದರು. ನೆಲದ ಅಲೆಯೂ ಮೇಲಿನಿಂದ ಮರಳಿದ ಅಲೆಯೂ ಕೂಡಿದಲ್ಲಿ ಒಮ್ಮೆ ಒಂದನ್ನೊಂದು ಬಲಪಡಿಸುತ್ತವೆ, ಒಮ್ಮೆ ಅಳಿಸುತ್ತವೆ. ಈ ಲೆಕ್ಕದಿಂದ ಸ್ತರದ ಎತ್ತರವು ತಿಳಿಯಿತು. ಆಪಲ್ಟನ್ನನಿಗೆ 1947ರಲ್ಲಿ ನೊಬೆಲ್ ಬಹುಮಾನ ಬಂದಿತು. ರಾತ್ರಿ ದೂರದ ಹಾಡು ಏರುತ್ತ ಇಳಿಯುತ್ತ ಕೇಳಿಸಿದಾಗ ನಾವು ರೇಡಿಯೊವನ್ನು ಶಪಿಸುವುದುಂಟು. ಆದರೆ ಆ ಏರಿಳಿತದ ಮೂಲವೂ ಇದೇ ತತ್ತ್ವ. 1,000 ಕಿಲೊಹರ್ಟ್ಸ್ ಆವರ್ತನದ ಅಲೆಯ ಉದ್ದ 300 ಮೀಟರು. ಎರಡು ದಾರಿಗಳ ಅಂತರವು 150 ಮೀಟರಿನಷ್ಟು ಬದಲಾದರೆ ಸಾಕು, ಏರಿದ ಸದ್ದು ಅಡಗುತ್ತದೆ. ನೂರು ಕಿಲೋಮೀಟರು ಮೇಲೆ ನಡೆಯುವ ಅಷ್ಟು ಅಲ್ಪ ಚಲನೆಯನ್ನು ಬರಿಯ ಕಿವಿ ಗುರುತಿಸುತ್ತದೆ!

ಇನ್ನು ರೇಡಿಯೊದ ಒಳಭಾಗ. 1954ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ‘ರೀಜೆನ್ಸಿ ಟಿಆರ್-1’ ಎಂಬ ಕಿಸೆಯ ರೇಡಿಯೊದಲ್ಲಿ ನಾಲ್ಕೇ ಟ್ರಾನ್ಸಿಸ್ಟರುಗಳಿದ್ದವು; ಇಂದು ಹೆಚ್ಚುಕಡಿಮೆ ಎಲ್ಲ ಕೆಲಸವೂ ಒಂದು ಚಿಪ್‌ನಲ್ಲಿ ನಡೆಯುತ್ತದೆ. ಆದರೆ ಇದರ ಏರಿಯಲ್ ಫೆರೈಟ್ ಎಂಬ ಕಪ್ಪು ಕಡ್ಡಿಗೆ ಸುತ್ತಿದ ತಂತಿಯ ಸುರುಳಿ ಮಾತ್ರ. ಕಡ್ಡಿಯ ಉದ್ದ 5 ಸೆಂ.ಮೀ. ಎಂದಿಟ್ಟುಕೊಂಡರೆ, ಅದು 300 ಮೀಟರಿನ ಅಲೆಯ ಆರು ಸಾವಿರದಲ್ಲೊಂದು ಪಾಲು. ಇಷ್ಟು ಗಿಡ್ಡ ಕಡ್ಡಿ ಸಾಕಾಗುವುದೆಂತು? ಮಧ್ಯಮ ತರಂಗಗಳಲ್ಲಿ ಶ್ರವಣಕ್ಕೆ ದೊಡ್ಡ ಅಡ್ಡಿ ದೂರದೂರದ ಮಿಂಚುಗಳಿಂದ ಹುಟ್ಟುವ ಕರಕರ ಸದ್ದು. ಏರಿಯಲ್ ಚಿಕ್ಕದಾದರೆ ನಿಲಯದ ಅಲೆಯೂ ಈ ಗದ್ದಲವೂ ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ; ಅವುಗಳ ಪರಸ್ಪರ ಪ್ರಮಾಣ ಕೆಡುವುದಿಲ್ಲ. ರೇಡಿಯೊದ ಸ್ವಂತ ಗದ್ದಲವು ಹೊರಗಿನದನ್ನು ಮೀರಿದಾಗ ಮಾತ್ರ ನಷ್ಟ. ಮುಂಗಾರಿಗೆ ಮುಂಚಿನ ಗುಡುಗಿನ ದಿನಗಳಲ್ಲಿ ದೊಡ್ಡ ಪೆಟ್ಟಿಗೆಯವನಿಗೂ ಚಿಕ್ಕದರವನಿಗೂ ಹೆಚ್ಚಿನ ಭೇದವಿಲ್ಲ. ಮಾಗಿಯ ರಾತ್ರಿಗಳಲ್ಲಿ ಭೇದ ತೋರುತ್ತದೆ. ಆಗ 60 ಸೆಂ.ಮೀ. ಬದಿಯ ಮರದ ಚೌಕಟ್ಟಿಗೆ ಸುಮಾರು ಹತ್ತು ಸುತ್ತು ತಂತಿ ಸುತ್ತಿ, ಅದರ ತುದಿಗಳಿಗೆ 500 ಪಿಕೊಫ್ಯಾರಡ್ ವೇರಿಯಬಲ್ ಕಂಡೆನ್ಸರ್ ಜೋಡಿಸಿ, ಫೆರೈಟ್ ಕಡ್ಡಿಯು ಚೌಕಟ್ಟಿನ ಸಮತಲಕ್ಕೆ ಲಂಬವಾಗಿರುವಂತೆ ರೇಡಿಯೊವನ್ನು ಪಕ್ಕದಲ್ಲಿರಿಸಬೇಕು. ಕಂಡೆನ್ಸರನ್ನು ತಿರುಗಿಸಿದಾಗ, ಯಾವ ತಂತಿಯ ಸಂಬಂಧವೂ ಇಲ್ಲದೆ, ಅಡಗಿದ್ದ ನಿಲಯ ಮೇಲೇಳುತ್ತದೆ. ವಿದ್ಯಾರ್ಥಿಗಳಿಗೆ ಅನುರಣನವನ್ನು ಮನಗಾಣಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗವನ್ನು ನಾನು ಕಂಡಿಲ್ಲ.

ಫೆರೈಟ್ ಕಡ್ಡಿಗೆ ಇನ್ನೊಂದು ಗುಣವಿದೆ; ಶ್ರವಣದ ಕೌಶಲವೆಲ್ಲ ಇದರಲ್ಲಿಯೇ ಇದೆಯೆನ್ನಬಹುದು. ನಿಲಯದ ದಿಕ್ಕಿಗೆ ಕಡ್ಡಿ ಅಡ್ಡವಾಗಿದ್ದರೆ ಬಲ ಅತ್ಯಧಿಕ. ಅದರ ತುದಿ ನಿಲಯವನ್ನು ನೋಡುತ್ತಿದ್ದರೆ ಬಲ ಶೂನ್ಯ. ಅತ್ಯಧಿಕ ಸ್ಥಾನದಿಂದ 10 ಡಿಗ್ರಿ ತಿರುಗಿಸಿದರೂ ನೂರಕ್ಕೆ ಒಂದೂವರೆ ಪಾಲು ಮಾತ್ರ ಕಡಮೆಯಾಗುತ್ತದೆ, ಕಿವಿಗದು ತಿಳಿಯದು. ಶೂನ್ಯದಿಂದ ಅಷ್ಟೇ ತಿರುಗಿಸಿದರೆ ನೂರಕ್ಕೆ ಹದಿನೇಳು ಪಾಲು ಬಲ ಮರಳುತ್ತದೆ. ಆದುದರಿಂದ ನಿಪುಣನು ಹುಡುಕುವುದು ಸದ್ದನ್ನಲ್ಲ, ಮೌನವನ್ನು. ಊರಿನ ಪ್ರಬಲ ನಿಲಯವನ್ನು ಹೀಗೆ ಅಡಗಿಸಿದರೆ ಅದರಡಿಯಲ್ಲಿದ್ದ ದೂರದ ನಿಲಯ ಕೇಳಿಸುತ್ತದೆ. ಆಕಾಶದಿಂದ ಇಳಿದುಬಂದ ಅಲೆಯಲ್ಲಿ ಮಾತ್ರ ಈ ಮೌನ ಅಷ್ಟು ಸ್ಪಷ್ಟವಲ್ಲ.

ಏಷ್ಯದ ನಿಲಯಗಳ ನಡುವಿನ ಅಂತರ 9 ಕಿಲೊಹರ್ಟ್ಸ್, ಉತ್ತರ ಅಮೆರಿಕದಲ್ಲಿ 10. ಈ ವ್ಯತ್ಯಾಸದಿಂದಾಗಿ ಜಪಾನಿನ ಅಕಿಟದ 774 ಕಿಲೊಹರ್ಟ್ಸ್ ನಿಲಯವು ಅಮೆರಿಕದ 770 ಮತ್ತು 780ರ ನಡುವಿನ ಸಂದಿಯಲ್ಲಿ ಬಿದ್ದಿತು. ಶಾಂತಸಾಗರದ ಪೂರ್ವತೀರದ ಹವ್ಯಾಸಿಗಳು ಬೆಳಗಿನ ಜಾವ ಅದನ್ನು ಏಳು ಸಾವಿರ ಕಿ.ಮೀ.ಗೂ ಮಿಕ್ಕ ದೂರದಿಂದ ಕಿಸೆಯ ರೇಡಿಯೊಗಳಲ್ಲಿ ಕೇಳಿದ್ದಾರೆ. ಅಲ್ಲಿ ನೆರವಾದುದು ಸೂಕ್ಷ್ಮಗ್ರಾಹಿತ್ವಕ್ಕಿಂತ ಹೆಚ್ಚಾಗಿ, ನೆರೆಯ ನಿಲಯವನ್ನು ದೂರವಿಡುವ ವರಣಶಕ್ತಿ.

ದಕ್ಷಿಣ ಭಾರತದ ನಮಗೆ ಇನ್ನೊಂದು ವಿಶೇಷವುಂಟು. ಭೂಮಿಯ ಕಾಂತೀಯ ವಿಷುವದ್ರೇಖೆ ಭಾರತದ ದಕ್ಷಿಣ ತುದಿಯ ಬಳಿ ಹಾಯುತ್ತದೆ. 1963ರಲ್ಲಿ ತುಂಬಾದಿಂದ ರಾಕೆಟ್ ಹಾರಿಸಲು ಆ ಸ್ಥಳವನ್ನು ಆರಿಸಿದುದು ಇದೇ ಕಾರಣದಿಂದ. ಇಲ್ಲಿ ಕಾಂತಕ್ಷೇತ್ರ ಬಹುಮಟ್ಟಿಗೆ ಕ್ಷಿತಿಜಕ್ಕೆ ಸಮಾಂತರವಾಗಿ ಉತ್ತರ-ದಕ್ಷಿಣವಾಗಿದೆ. ಕಡಮೆ ನಷ್ಟದಿಂದ ಮರಳಬಲ್ಲ ಅಲೆಯ ಕಂಪನವೂ ಪೂರ್ವ-ಪಶ್ಚಿಮ ಮಾರ್ಗದಲ್ಲಿ ಅದೇ ದಿಕ್ಕಿನಲ್ಲಿರಬೇಕು. ನಿಲಯದ ನೆಟ್ಟನೆಯ ಕಂಬ ಹೊರಡಿಸುವುದಾದರೋ ಲಂಬ ಕಂಪನ. ಆದುದರಿಂದ ಅದರ ಶಕ್ತಿಯಲ್ಲಿ ಅಲ್ಪಾಂಶ ಮಾತ್ರ ಉಪಯೋಗಕ್ಕೆ ಬರುತ್ತದೆ. ಸಮಾನ ದೂರದ, ಸಮಾನ ಶಕ್ತಿಯ ಎರಡು ನಿಲಯಗಳಲ್ಲಿ ಉತ್ತರದ್ದೋ ದಕ್ಷಿಣದ್ದೋ ನಮಗೆ ಚೆನ್ನಾಗಿ ಕೇಳಿಸಬೇಕು. ಇದನ್ನು ಪರೀಕ್ಷಿಸಲು ನಮ್ಮ ಕಾಲೇಜುಗಳು ಇರುವ ಜಾಗವೇ ತಕ್ಕದ್ದು.

ಆದರೆ ಕಾಲ ಅನುಕೂಲವಾಗಿಲ್ಲ. ಎಲ್.ಇ.ಡಿ. ದೀಪಗಳೂ ಮೊಬೈಲ್ ಚಾರ್ಜರುಗಳೂ ಮನೆಯೊಳಗೆ ಮಿಂಚನ್ನು ಮೀರಿಸುವ ಗದ್ದಲವೆಬ್ಬಿಸುತ್ತವೆ. ರೇಡಿಯೊವನ್ನು ಹಿಡಿದು ಆಟದ ಮೈದಾನಕ್ಕೋ ಕೆರೆಯ ಏರಿಗೋ ಹೋಗುವುದೇ ಮೇಲು. ಕಿಸೆಯ ರೇಡಿಯೊಗೆ ಅದೊಂದು ಕಷ್ಟವೂ ಅಲ್ಲ. ಇದಕ್ಕಿಂತ ಗಂಭೀರವಾದುದು ನಿಲಯಗಳೇ ಮೌನವಾಗುತ್ತಿರುವುದು. ಸ್ವಿಟ್ಜರ್ಲೆಂಡಿನ ಬೆರೊಮ್ಯೂನ್‌ಸ್ಟರ್ 2008ರಲ್ಲಿ, ಜರ್ಮನಿಯ ಡಾಯ್ಚ್‌ಲಾಂಡ್‌ಫುಂಕ್‌ನ ಮಧ್ಯಮ ತರಂಗ ಪ್ರಸಾರ 2015ರ ಕೊನೆಯಲ್ಲಿ, ಬಿ.ಬಿ.ಸಿ. ರೇಡಿಯೊ 4ರದು 2024ರಲ್ಲಿ ನಿಂತವು. ನಮ್ಮ ದೇಶದಲ್ಲಿಯೂ ಕೆಲವು ಪ್ರೇಷಕಗಳು ಮುಚ್ಚಿವೆ. ನೆಲೆ, ಆವರ್ತನ, ಶಕ್ತಿಗಳು ಗೊತ್ತಿರುವ ಒಂದೊಂದು ನಿಲಯವೂ ಅಯಾನುಮಂಡಲವನ್ನು ನೋಡಲು ಹಚ್ಚಿಟ್ಟ ದೀಪ; ಅದು ಆರಿದರೆ ಕಾಲೇಜಿನ ಖರ್ಚಿನಲ್ಲಿ ಮತ್ತೊಂದನ್ನು ಹಚ್ಚಲಾಗದು. ಐನೂರರಿಂದ ಎಂಟುನೂರು ಕಿ.ಮೀ. ದೂರದಲ್ಲಿ ಇನ್ನೂ ಪ್ರಸಾರ ಮಾಡುತ್ತಿರುವ ಒಂದು ನಿಲಯವನ್ನು ಆರಿಸಿಕೊಂಡು, ಸಂಜೆ ಅದು ಮೊದಲು ಕೇಳಿಸಿದ ಗಳಿಗೆಯನ್ನೂ ಆ ದಿನದ ಸೂರ್ಯಾಸ್ತವನ್ನೂ ಒಂದು ವರ್ಷ ತಪ್ಪದೆ ಬರೆದಿಡುವ ವಿದ್ಯಾರ್ಥಿಗಳು ದೊರೆತರೆ, ಅವರ ಪಟ್ಟಿಯನ್ನು ಮುಂದಿನ ಸಂಚಿಕೆಯೊಂದರಲ್ಲಿ ಅಚ್ಚುಮಾಡಬಹುದು.